ಫ್ರೀಜರಿನಲ್ಲಿ ಸಿಕ್ಕ ಪ್ರಭಾವಳಿ

ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿಗೆ ಅಂಗಡಿಯ ಉಡುಗೊರೆ ಕೊಡುವುದಿಲ್ಲ, ಸ್ವಹಸ್ತದಿಂದ ರಚಿಸಿದ ಕಲಾಕೃತಿಯನ್ನೇ ಅರ್ಪಿಸುತ್ತೇನೆ ಎಂದು ಘೋರ ಪ್ರತಿಜ್ಞೆ ಮಾಡಿದೆ! ನಮ್ಮ ಬಡಾವಣೆ ಚೋವಾ ಚು ಕಾಂಗ್‌ನ ಕಮ್ಯುನಿಟಿ ಕ್ಲಬ್ಬಿನಲ್ಲಿ ನಾಲ್ಕು ಶನಿವಾರ, ಚಿತ್ರ ಕತ್ತರಿಸಿ ಜೋಡಿಸುವ ಕೊಲಾಜ್ ಕಲಿತವನನ್ನು ತಡೆಯುವವರು ಯಾರು?

ವಿಷಯ: ಮಹಾಯುದ್ಧ ಮುಗಿದ ಕಾಲದ ಗೃಹಿಣಿಯ ವೈಭವ ಮತ್ತು ವಾಸ್ತವ. ಟೀಚರ್ ಕೊಟ್ಟ ಹಳೆಯ ಪತ್ರಿಕೆಯಿಂದ ಜಾಹೀರಾತಿನ ಸುಂದರಿಯೊಬ್ಬಳನ್ನು ಕತ್ತರಿಸಿದೆ. ಹೈ ಹೀಲ್ಸ್, ಮುತ್ತಿನ ಸರ, ಹಿಡಿಯಷ್ಟು ಸೊಂಟ. ಫ್ರಿಜ್ ತೆರೆದು ಕೇಕ್ ನೋಡಿ ನಗುತ್ತಿದ್ದಾಳೆ. ವೈಭವ ಸಿಕ್ಕಿತು. ವಾಸ್ತವ ಬೇಕಲ್ಲ? ನಮ್ಮ ಫ್ರಿಜ್ ತೆರೆದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು! ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಕೆಳಗೆ, ಒಂದು ದೊಡ್ಡ ರಬ್ಬರ್ ಬಳೆ. ರಬ್ಬರನ್ನು ಯಾರಾದರೂ ತಣ್ಣಗಿಡುತ್ತಾರೆಯೇ? ಮರೆತುಹೋದ ಕಸವೆಂದು ತೀರ್ಪು ಕೊಟ್ಟು, ದಬ್ಬಣ ಹಿಡಿದು, ಬಳೆಯ ಮೇಲಿಂದ ದಾರ ಸುತ್ತಿ, ಸುಂದರಿಯ ತಲೆಯ ಹಿಂದೆ ಪ್ರಭಾವಳಿಯಾಗಿ ಹೊಲಿದುಬಿಟ್ಟೆ. ಆಹಾ, ಸಾಕ್ಷಾತ್ ಅನ್ನಪೂರ್ಣೆ!

ಮರುದಿನವೇ ಬೆಳ್ಳಿಹಬ್ಬ. ಬಿಸಿಬೇಳೆಬಾತಿಗೆ ಹನ್ನೆರಡು ಜನ ಬರುವವರಿದ್ದರು. ಹನ್ನೊಂದು ಗಂಟೆಗೆ ಅಡುಗೆಮನೆಯಿಂದ ಹೆಂಡತಿ ಭಾಗೀರಥಿಯ ಕೂಗು:

“ರೀ, ಫ್ರೀಜರಲ್ಲಿದ್ದ ಗ್ಯಾಸ್ಕೆಟ್ ಎಲ್ಲಿ?”

“ಯಾವ ಗ್ಯಾಸ್ಕೆಟ್?”

“ಕುಕ್ಕರ್‌ದು! ಲೂಸ್ ಆಗಿತ್ತು, ಬಿಗಿಯಾಗ್ಲಿ ಅಂತ ಇಟ್ಟಿದ್ದೆ. ಅದಿಲ್ದೆ ಕುಕ್ಕರ್ ಕೂಗಲ್ಲ!”

ನನ್ನ ಎದೆ ಮೂರು ಸಲ ಕೂಗಿತು. ಮಗಳು ರಿಷಿಕಾ ಕಲಾಕೃತಿಗೆ ಹೊದಿಸಿದ್ದ ಬಟ್ಟೆ ಎತ್ತಿ ಇಣುಕಿದಳು.

“ಅಪ್ಪಾ, ಯು ಆರ್ ಸೋ ಡೆಡ್ ಲಾ!”

ಭಾಗೀರಥಿ ಸೌಟು ಹಿಡಿದೇ ಬಂದಳು.

“ಇವಳ್ಯಾರು?”

“ನೀನೇ ಕಣೆ. ಇಪ್ಪತ್ತೈದು ವರ್ಷದ ಗಿಫ್ಟು.”

“ನಾನಾ? ಸೊಂಟ ನೋಡಿ ಮಾತಾಡಿ.”

“ಸೊಂಟ ಗ್ಲಾಮರ್. ತಲೆ ಹಿಂದಿರೋದು ರಿಯಾಲಿಟಿ.”

ಅವಳು ತುಟಿ ಕಚ್ಚಿ ನಗು ತಡೆದು, ಕತ್ತರಿಯನ್ನು ನನ್ನ ಕೈಗಿಟ್ಟಳು. “ಆ ರಿಯಾಲಿಟಿ ಬಿಚ್ಚಿ ಕೊಡಿ. ಜನ ಹಸ್ಕೊಂಡು ಬರ್ತಾರೆ.”

ನನ್ನ ಕೈಯಾರೆ ದೇವಿಯ ಪ್ರಭಾವಳಿಯನ್ನು ಹೊಲಿಗೆ ಹೊಲಿಗೆಯಾಗಿ ಕಳಚಿದೆ. ಸ್ವಲ್ಪ ಹೊತ್ತಿಗೆ ಕುಕ್ಕರ್ ವಿಜಯಘೋಷ ಮಾಡಿತು. ಸುಂದರಿಯ ತಲೆಯ ಸುತ್ತ ಉಳಿದದ್ದು ಬರೀ ತೂತುಗಳು! ಎಲ್ಲರೂ ಬರುವ ಮೊದಲು ಅವಳನ್ನು ಕಸ ಕೆಳಗೆ ಬೀಳಿಸುವ ಚ್ಯೂಟಿಗೆ ತಳ್ಳಲು ಹೊರಟರೆ ಭಾಗೀರಥಿ ಕಿತ್ತುಕೊಂಡು, ಹಾಲ್‌ನ ಗೋಡೆಯ ನಟ್ಟನಡುವೆ ತೂಗುಹಾಕಿದಳು. ನನ್ನ ಎದೆ ಎರಡಿಂಚು ಉಬ್ಬಿತು.

ಊಟಕ್ಕೆ ಕೂತಾಗ ಅತಿಥಿ ನಾಗೇಶ್ ಅಂಕಲ್ ತಲೆಯೆತ್ತಿ ನೋಡಿದರು. “ಏನಮ್ಮಾ ಇದು, ತೂತು ತೂತು ಚಿತ್ರ?”

ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಚಮಚ ತುಪ್ಪ ಸುರಿಯುತ್ತಾ ಭಾಗೀರಥಿ ಹೇಳಿದಳು:

“ಸಾಕ್ಷಿ ಅಂಕಲ್. ಇಪ್ಪತ್ತೈದು ವರ್ಷದಲ್ಲಿ ಇವರು ಮೊದಲನೇ ಸಲ ಅಡುಗೆಮನೇಲಿ ಏನೇನಿದೆ ಅಂತ ಕಣ್ಬಿಟ್ಟು ನೋಡಿದ್ದಕ್ಕೆ!”