ನೆಲಮಾಳಿಗೆಯ ಎಂಟು ಡ್ರೈಯರುಗಳು

ತೊಂದರೆ ಶುರುವಾದದ್ದು ಪಕ್ಕದ ಮನೆಯ ಬೋರಲಿಂಗಯ್ಯನವರ ಪಂಚೆಯಿಂದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ಶಿವಕಿರಣನ ಬಾಗಿಲಲ್ಲಿ ನಿಂತಿದ್ದರು.

“ಏನಪ್ಪಾ ಇದು? ನಿನ್ನ ಆಪ್ ಒಣಗ್ತು ಅಂತು. ಮುಟ್ಟಿ ನೋಡು.”

ಶಿವಕಿರಣ ಮುಟ್ಟಿದ. ಹಸಿ ಹಸಿ.

ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಎಂಟು ಡ್ರೈಯರುಗಳು. ಒಂದೊಂದಕ್ಕೂ ಶಿವಕಿರಣ ಬೆಂಕಿಪೊಟ್ಟಣದಷ್ಟು ಸಾಧನ ಅಂಟಿಸಿದ್ದ. ಮನೆಯಲ್ಲೇ ಕೂತು ಫೋನಿನಲ್ಲಿ ಕೇಳಿದರೆ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ ಆ ಪ್ರಶ್ನೆಯನ್ನು ಡ್ರೈಯರಿಗೆ ಮುಟ್ಟಿಸಿ, ಬಟ್ಟೆ ಒಣಗಿತೋ ಇಲ್ಲವೋ ಎಂಬ ಉತ್ತರ ತಂದುಕೊಡುತ್ತಿತ್ತು. ಇವತ್ತು ಎರಡು ಗಂಟೆಗೆ ಅದನ್ನು ನೋಡಲು ಹೋಬೋಕನ್‌ನಿಂದ ಕುಶ್ ಬರುವವನಿದ್ದ. ನಲವತ್ತು ಕಟ್ಟಡಗಳ ಉಸ್ತುವಾರಿ ಅವನ ಕಂಪನಿಯದು. ಅವನು ಒಪ್ಪಿದರೆ ಶಿವಕಿರಣನ ಕಾಂಟ್ರಾಕ್ಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ, ಬೇರೆ ಕೆಲಸ ಹುಡುಕಿಕೊಳ್ಳಲು ವೀಸಾ ಕೊಡುವ ಅರವತ್ತು ದಿನಗಳು ಸೋಮವಾರದಿಂದ ಕರಗತೊಡಗುತ್ತವೆ.

ಅಷ್ಟರಲ್ಲಿ ಮೇಲಿನ ಮನೆಯ ವೀರಬಸಮ್ಮ ಇಳಿದು ಬಂದರು. ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದು ಮೂರು ತಿಂಗಳಾಗಿತ್ತು.

“ನನ್ನ ಕೌದಿ ಯಾರೋ ತಗದು ಮ್ಯಾಲ ಇಟ್ಟಾರ! ಫೋನ್ ನೋಡಿದ್ರ ಇನ್ನಾ ಇಪ್ಪತ್ತ ಮಿನಿಟ ಅಂತೈತಿ. ಅದು ನೋಡಿದ್ರ ಹಪ್ಪಳಾಗಿ ಕುಂತೈತಿ.”

“ನಾನೇ ಆಂಟಿ ತೆಗೆದಿಟ್ಟಿದ್ದು, ಮೆಷೀನ್ ನಿಂತಿತ್ತು,” ಎಂದಳು ಹಿಂದೆಯೇ ಬಂದ ಎದುರುಮನೆಯ ಮಾಳವಿಕಾ. “ಕಿರಣ್, ಆಯ್ತು ಆಯ್ತು ಅಂತ ಮೂರು ಸಲ ಮೆಟ್ಟಿಲು ಹತ್ತಿ ಇಳಿಸ್ತು ನಿಮ್ಮ ಆಪ್. ಮೂರು ಸಲನೂ ಒದ್ದೆ. ಜಿಮ್ ಕ್ಯಾನ್ಸಲ್ ಮಾಡ್ಬಿಡ್ತೀನಿ.”

ಶಿವಕಿರಣನಿಗೆ ತಪ್ಪು ಹೊಳೆಯಿತು. ಪ್ರತಿ ಪ್ರಶ್ನೆಯ ಜೊತೆ ಟೋಕನ್ ಎಂಬ ಸಣ್ಣ ಗುರುತೊಂದು ಹೋಗಬೇಕು, ಉತ್ತರವೂ ಅದೇ ಗುರುತು ಹೊತ್ತು ಬರಬೇಕು. ಯಾವ ಉತ್ತರ ಯಾರ ಪ್ರಶ್ನೆಗೆ ಎಂದು ಪೆಟ್ಟಿಗೆಗೆ ತಿಳಿಯುವುದು ಅದರಿಂದ. ಸಾಧನದ ಮೆಮೊರಿ ಚಿಕ್ಕದು, ಬ್ಯಾಟರಿಯೂ ಉಳಿಯಲಿ ಎಂದು ಅವನು ಟೋಕನ್ನನ್ನು ಖಾಲಿ ಬಿಟ್ಟಿದ್ದ. ತಾನೊಬ್ಬನೇ ಒಂದೊಂದಾಗಿ ಕೇಳಿ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಇಂದು ಎಂಟು ಮನೆಯವರು ಒಟ್ಟಿಗೆ ಕೇಳುತ್ತಿದ್ದರು. ತಯಾರಾದ ದೋಸೆಯನ್ನು ಎದುರಿಗೆ ಸಿಕ್ಕ ಟೇಬಲ್ಲಿಗೆ ಇಟ್ಟು ಹೋಗುವ ಮಾಣಿಯ ಹಾಗೆ, ಪೆಟ್ಟಿಗೆ ಬಂದ ಉತ್ತರವನ್ನು ಮೊದಲು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು.

ಅವನು ಮ್ಯಾನೇಜರ್ ಅರವಿಂದ್‌ಗೆ ಫೋನ್ ಮಾಡಿದ.

“ಡೆಮೋ ದಿನ ಕೋಡ್ ಮುಟ್ಟಬೇಡ ಮಾರಾಯ. ಹೋದ ಸಲ ಮುಟ್ಟಿ ಏನಾಯ್ತು?”

ಹೋದ ಸಲ ಎಂಟೂ ಸಾಧನಗಳು ಒಟ್ಟಿಗೆ ಪ್ರಾಣ ಬಿಟ್ಟಿದ್ದವು.

“ಹೇಗಾದ್ರೂ ಮ್ಯಾನೇಜ್ ಮಾಡು,” ಎಂದು ಅರವಿಂದ್ ಫೋನಿಟ್ಟ.

ಉಳಿದದ್ದು ಒಂದೇ ದಾರಿ. ಕುಶ್ ಇರುವಷ್ಟು ಹೊತ್ತು ಅವನೊಬ್ಬನೇ ಪ್ರಶ್ನೆ ಕೇಳಬೇಕು. ಶಿವಕಿರಣ ಮನೆಮನೆಗೆ ಹೋಗಿ ಕೈಮುಗಿದ. “ಎರಡರಿಂದ ಒಂದು ಗಂಟೆ ಹೊತ್ತು ಯಾರೂ ಆಪ್ ಮುಟ್ಟಬೇಡಿ. ನನ್ನ ಕೆಲಸದ ಪ್ರಶ್ನೆ.”

“ಮುಟ್ಟಲ್ಲಪ್ಪ,” ಎಂದರು ಬೋರಲಿಂಗಯ್ಯ, ಆಪ್ ಒತ್ತುತ್ತಲೇ.

ಇದನ್ನು ಕಂಡ ವೀರಬಸಮ್ಮ ತಮ್ಮ ರೊಟ್ಟಿ ಡಬ್ಬಿ ತಂದರು. “ಎಲ್ಲಾರೂ ಇದರಾಗ ಹಾಕ್ರಿ. ಹುಡುಗನ ನೌಕರಿ ಹೋದ್ರ ನೀವೇನ್ ಕೊಡಸ್ತೀರಿ?” ಎಂಟು ಫೋನುಗಳು ಡಬ್ಬಿ ಸೇರಿದವು. ಮುಚ್ಚಳ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ನೆಲಮಾಳಿಗೆಯ ಬೆಂಚಿನ ಮೇಲೆ ಕೂತರು. ಫೋನ್ ಬಿಟ್ಟು ಹೋಗಲಾರದೆ ಉಳಿದವರೂ ಪಕ್ಕದಲ್ಲಿ ಕೂತರು.

ಎರಡಕ್ಕೆ ಕುಶ್ ಬಂದ. ನ್ಯೂಜೆರ್ಸಿಯಲ್ಲೇ ಹುಟ್ಟಿದವನು, ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂರನೇ ಡ್ರೈಯರನ್ನು ಕೇಳಿದ: ಆಯಿತು. ತೆಗೆದರೆ ಬಟ್ಟೆ ಬೆಚ್ಚಗೆ. ಐದನೆಯದು: ಹನ್ನೆರಡು ನಿಮಿಷ. ಯಂತ್ರದ ಮೇಲೂ ಹನ್ನೆರಡು. ಎಂಟನ್ನೂ ಕೇಳಿದ. ಎಂಟೂ ಸರಿ.

ಡಬ್ಬಿಯೊಳಗೆ ಫೋನೊಂದು ರಿಂಗಾಯಿತು. ಬೋರಲಿಂಗಯ್ಯ ಕೈ ಚಾಚಿದರು. ವೀರಬಸಮ್ಮ ಆ ಕೈಮೇಲೆ ಮೆಲ್ಲಗೆ ಒಂದು ಕೊಟ್ಟರು.

“ವೈ ಈಸ್ ನೋಬಡಿ ಆನ್ ದೇರ್ ಫೋನ್?” ಕುಶ್‌ಗೆ ಆಶ್ಚರ್ಯ.

“ಆಪ್ ಮೇಲೆ ಅಷ್ಟು ನಂಬಿಕೆ,” ಎಂದಳು ಮಾಳವಿಕಾ.

ಕುಶ್ ತಲೆದೂಗಿದ. ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ವಿಚಾರಿಸಿದ. ಮೂರು ವರ್ಷ ಎಂದಾಗ, ಹೇಗೆ ಎಂದ. ಶಿವಕಿರಣನಿಗೆ ಸುಳ್ಳು ಬರಲಿಲ್ಲ.

“ಟೋಕನ್ ಖಾಲಿ ಬಿಟ್ಟಿದ್ದೀನಿ. ಆದ್ರೆ ಅದನ್ನ ಮುಂದಿನ ವಾರ...”

“ನೋ, ನೋ! ಇಟ್ಸ್ ಪರ್ಫೆಕ್ಟ್. ಡೋಂಟ್ ಟಚ್ ಎನಿಥಿಂಗ್.” ಕುಶ್ ಅಲ್ಲೇ ನಿಂತು ಅರವಿಂದ್‌ಗೆ ಫೋನ್ ಮಾಡಿದ. ನಲವತ್ತೂ ಕಟ್ಟಡಗಳಿಗೆ ಇದೇ ಬೇಕು, ಒಂದಕ್ಷರ ಬದಲಾಗಬಾರದು, ದೂರು ಹೇಳಲು ಎಲ್ಲ ಗೋಡೆಗಳ ಮೇಲೂ ಶಿವಕಿರಣನ ನಂಬರ್ ಇರಲಿ. ಆ ಕಡೆಯಿಂದ ಅರವಿಂದ್‌ನ ಸಂತೋಷ ಎಲ್ಲರಿಗೂ ಕೇಳಿಸಿತು.

ಕುಶ್ ಹೋದ ಮೇಲೆ ಬೋರಲಿಂಗಯ್ಯ ಕೇಳಿದರು. “ಕೆಲಸ ಉಳೀತೇನಪ್ಪಾ?”

“ಎರಡು ವರ್ಷಕ್ಕೆ ಉಳೀತು ಅಂಕಲ್.” ಶಿವಕಿರಣ ಡ್ರೈಯರಿಗೆ ಒರಗಿದ. “ಕೋಡ್ ಮುಟ್ಟೋ ಹಾಗಿಲ್ಲ. ನಲವತ್ತು ಕಟ್ಟಡ ಸೇರಿ ಎಂಟು ಸಾವಿರ ಮನೆ.”

ವೀರಬಸಮ್ಮ ಅವನನ್ನೂ ಡಬ್ಬಿಯನ್ನೂ ನೋಡಿದರು.

“ಅಷ್ಟೂ ಮಂದಿ ಫೋನ್ ಹಿಡ್ಯಾಕ ಇದು ಸಾಲಂಗಿಲ್ಲ ನೋಡಪಾ.”