ಕೈ ತೊಳೆಸೋ ಬೈರಯ್ಯನ ಕಜ್ಜಿ

ಬೈರಯ್ಯನ ಎರಡೂ ಕೈಗಳ ಬೆರಳ ಸಂದಿಯಲ್ಲಿ ನವೆ ಎದ್ದಿತು. ಇಷ್ಟೇ ವಿಷಯ. ಬೇರೆ ಯಾರಿಗಾದರೂ ಎದ್ದಿದ್ದರೆ ಪರಪರ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಎದ್ದದ್ದು ಬೈರಯ್ಯನಿಗೆ, ಅದೂ ಹಾಸನದಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವ ದಿನ ಬೆಳಗ್ಗೆ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು ನಡುವೆ ಒಂದು ಊರಿನಲ್ಲಿ ನಿಂತು, ಇಂಜಿನ್ನಿಗೆ ನೀರು ಕುಡಿಸಿಕೊಂಡು ಮುಂದೆ ಹೋಗುತ್ತಿದ್ದ ಕಾಲ ಅದು. ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿಯವರು ದೊಣ್ಣೆ ಹಿಡಿದು ಬಂದಾರು. ಆ ಊರಿನಲ್ಲಿ ಎಂಟು ಮಂಚದ ಒಂದು ಆಸ್ಪತ್ರೆ. ಡಾಕ್ಟರ ಕುರ್ಚಿ ಆರು ತಿಂಗಳಿಂದ ಖಾಲಿ. ನರ್ಸ್ ಗಂಗಾಂಬಿಕೆ, ಕಾಂಪೌಂಡರ್ ಪರಮಶಿವಯ್ಯ, ಗಾಯಕ್ಕೆ ಬಟ್ಟೆ ಕಟ್ಟುವುದರಿಂದ ಹಿಡಿದು ನೆಲ ಒರೆಸುವವರೆಗೆ ಎಲ್ಲ ಮಾಡುವ ಬೈರಯ್ಯ, ಈ ಮೂವರೇ ಅದನ್ನು ಹೇಗೋ ನಡೆಸುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಗಂಗಾಂಬಿಕೆ ಆ ಊರಿಗೆ ಬಂದವಳೇ ವಾರ್ಡಿನ ಬಾಗಿಲಲ್ಲಿ ಒಂದು ಬಿಳಿ ಬೇಸಿನ್ನು, ಸೋಪು, ಕ್ರಿಮಿ ಕೊಲ್ಲುವ ಲೈಸಾಲ್ ಔಷಧಿ ಬೆರೆಸಿದ ನೀರು ಇಡಿಸಿದಳು. ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಕೂಡದು ಎಂದಳು. "ಉಣ್ಣಾಕೆ ಬಂದಿದ್ದೀವಾ, ಕೈ ತೊಳ್ಕಳಾಕೆ?" ಎಂದು ಜನ ನಕ್ಕರು. ನಗದೆ ಇದ್ದವನು ಬೈರಯ್ಯ ಒಬ್ಬನೇ. ಹಿಂದಿನ ವರ್ಷ ಅದೇ ವಾರ್ಡಿನಲ್ಲಿ ಹುಟ್ಟಿದ ನಾಲ್ಕು ಕೂಸುಗಳು ಹೊಕ್ಕುಳು ಕೀವಾಗಿ, ಹತ್ತು ದಿನ ತುಂಬುವ ಮೊದಲೇ ಹೋಗಿದ್ದವು. ನಾಲ್ಕನ್ನೂ ತಾಯಂದಿರ ಮಗ್ಗುಲಿಂದ ಎತ್ತಿ ಬಟ್ಟೆಯಲ್ಲಿ ಸುತ್ತಿದವನು ಅವನೇ. ಬೇಸಿನ್ನು ಬಂದ ಮೇಲೆ ಒಂದೂ ಹೋಗಲಿಲ್ಲ.

ಅದನ್ನು ಕಣ್ಣಾರೆ ಕಂಡ ಮೇಲೆ ಬೈರಯ್ಯ ಬಾಗಿಲಿಗೆ ಅಡ್ಡ ನಿಂತುಬಿಟ್ಟ. ಪಟೇಲರು ಬಂದರೂ ಬಿಡ, ಸ್ವಂತ ಅತ್ತೆ ಬಂದರೂ ಬಿಡ. "ಮೊದ್ಲು ತೊಳೀರಿ, ಆಮ್ಯಾಕೆ ಒಳಿಕ್ಕೋಗ್ರಿ. ನನ್ ಕೈ ನೋಡ್ರಲಾ, ಎಂಗವೆ!" ಎಂದು ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದ. ಊರು ಅವನಿಗೆ 'ಕೈ ತೊಳೆಸೋ ಬೈರಯ್ಯ' ಎಂದು ಹೆಸರಿಟ್ಟಿತು. ನಿಜ ಹೇಳಬೇಕೆಂದರೆ ಆ ಜನಕ್ಕೆ ಸೋಪಿನ ಮೇಲೆ ನಂಬಿಕೆ ಇರಲಿಲ್ಲ, ಬೈರಯ್ಯನ ಕೈ ಮೇಲೆ ಇತ್ತು.

ಅಂಥ ಕೈಗೆ ಈಗ ಇದು ಬಂದಿತ್ತು. ಹೆಂಡತಿ ಲಕ್ಷ್ಮಿದೇವಮ್ಮ ಒಲೆಯ ಬೆಳಕಿಗೆ ಅವನ ಬೆರಳು ಬಿಡಿಸಿ ನೋಡಿದಳು. ಸಂದಿಯೆಲ್ಲ ಕೆಂಪಗೆ ಸೀಳಿ, ಸಿಪ್ಪೆ ಎದ್ದಿತ್ತು.

"ಅಯ್ಯೋ ಸಿವನೇ, ಕಜ್ಜಿ ಕಣಯ್ಯಾ ಇದು! ಊರೋರ್ಗೆಲ್ಲ ತೊಳೀರಿ ತೊಳೀರಿ ಅಂತ ಬಡ್ಕತಿದ್ದೆ, ನಿಂಗೇ ಬಂದ್ಬುಡ್ತಲ್ಲಾ!"

"ಮೆತ್ತಗೆ ಯೋಳೇ, ಪಕ್ಕದ ಮನೇರು ಕೇಳಿಸ್ಕತಾರೆ."

"ಕೇಳಿಸ್ಕಂಡ್ರೆ ಕೇಳಿಸ್ಕಳ್ಳಿ. ಮಕ್ಳನ್ನ ಮಾತ್ರ ಮುಟ್ಬ್ಯಾಡ ನೀನು," ಎಂದು ಅವಳು ಅವನ ಊಟದ ತಟ್ಟೆಯನ್ನು ಬೇರೆ ಕಡೆ ಎತ್ತಿಟ್ಟಳು. ಬೈರಯ್ಯನಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಊರು ನಗುತ್ತದೆ. ನಗಲಿ, ಹಾಳಾಗಿ ಹೋಗಲಿ. ಆದರೆ ಬೈರಯ್ಯನ ಕೈಯೇ ಕೆಟ್ಟಿತಂತೆ ಎಂದು ಗೊತ್ತಾದರೆ ನಾಳೆಯಿಂದ ಆ ಬೇಸಿನ್ನಿಗೆ ಕೈ ಹಾಕುವವರು ಯಾರು? ಇವತ್ತೊಂದು ದಿನ ಹೇಗಾದರೂ ಮುಚ್ಚಿಟ್ಟರೆ, ನಾಳೆ ಗುಟ್ಟಾಗಿ ಗಂಧಕದ ಮುಲಾಮು ಹಚ್ಚಿಕೊಳ್ಳಬಹುದು. ಹೀಗೆಂದುಕೊಂಡು ಎರಡೂ ಕೈಗೆ ಮುಂಗೈವರೆಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ಹೊರಟ.

ಗೇಟಿನಲ್ಲೇ ಪರಮಶಿವಯ್ಯ ಸಿಕ್ಕ. "ಏನಯ್ಯಾ ಇದು ಕೈಗೆ?"

"ಬಿಸ್ನೀರು ಬಿದ್ಬುಡ್ತು ಸಾ."

"ಅಯ್ಯೋ ಪಾಪ, ಬಿಚ್ಚು, ಸುಟ್ಟಗಾಯದ ಮುಲಾಮು ಹಾಕ್ತೀನಿ," ಎಂದು ಪರಮಶಿವಯ್ಯ ಮುಂದೆ ಬಂದ. ಬೈರಯ್ಯ ಹಿಂದೆ ಹಿಂದೆ ಸರಿದು ವಾರ್ಡಿನೊಳಕ್ಕೆ ನುಗ್ಗಿದ.

ಒಳಗೆ ಗಂಗಾಂಬಿಕೆ ಮಂಚಗಳಿಗೆ ಒಗೆದ ದುಪ್ಪಟಿ ಹಾಸುತ್ತಿದ್ದಳು. ಬಿಸಿನೀರು ಎಂದರೆ ಇವಳೂ ಬಿಚ್ಚು ಅನ್ನುತ್ತಾಳೆ ಎಂದು ಬೈರಯ್ಯ ಸುಳ್ಳು ಬದಲಾಯಿಸಿದ.

"ಬಾಗ್ಲಿಗೆ ಸಿಕ್ಕಂಡ್ವು ಸಿಸ್ಟ್ರೇ."

"ಎರಡು ಕೈಯೂನಾ?"

"ಮೊದ್ಲು ಒಂದು ಸಿಕ್ಕಂತು. ಅದ ಬುಡ್ಸಾಕೋದೆ, ಇನ್ನೊಂದೂ ಸಿಕ್ಕಂತು."

ಗಂಗಾಂಬಿಕೆಗೆ ನಗು ಬಂತು, ಆದರೆ ನಗುವಷ್ಟು ಪುರಸೊತ್ತು ಇರಲಿಲ್ಲ. "ಸರಿ, ಆ ಬಟ್ಟೆ ಕಟ್ಟಿಕೊಂಡು ಯಾರನ್ನೂ ಮುಟ್ಟಬೇಡಿ. ಡಾಕ್ಟರು ಬಂದು ಹೋಗಲಿ, ಆಮೇಲೆ ನಾನೇ ನೋಡ್ತೀನಿ," ಎಂದಳು.

ಮೂರನೇ ಮಂಚದ ಹತ್ತಿರ ಸುಬ್ಬಮ್ಮ ಕೂತಿದ್ದಳು. ಅವಳ ಸೊಸೆ ಹೆತ್ತು ಆರು ದಿನವಾಗಿತ್ತು. ಹಿಂದಿನ ವರ್ಷ ಹೋದ ನಾಲ್ಕು ಕೂಸಿನಲ್ಲಿ ಒಂದು ಇದೇ ಸುಬ್ಬಮ್ಮನ ಮೊಮ್ಮಗು. ಅದಕ್ಕೇ ಈ ಸಲ ಬೈರಯ್ಯನೆಂದರೆ ಅವಳಿಗೆ ದೇವರ ಸಮಾನ.

"ಏನಾಯ್ತೋ ಬೈರಾ ಕೈಗೆ?" ಎಂದು ಅವಳು ಗಾಬರಿಯಾಗಿ ಕೇಳಿದಳು.

ಬಿಸಿನೀರು ಮುಗಿದಿತ್ತು, ಬಾಗಿಲೂ ಮುಗಿದಿತ್ತು. "ಚೇಳು ಕಡೀತವ್ವಾ," ಎಂದುಬಿಟ್ಟ.

"ಎಲ್ಡು ಕೈಗೂವಾ?"

"ಎಲ್ಡು ಚೇಳು ಕಣವ್ವಾ. ಗಂಡ ಹೆಂಡ್ತಿ."

"ಎಲ್ಲಿ ಕಡೀತೋ?"

"ಇಲ್ಲೇಯ, ಆಸ್ಪತ್ರೇಲೇ..." ಎಂದ ಮೇಲೆ ಬೈರಯ್ಯನಿಗೆ ತನ್ನ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಸುಬ್ಬಮ್ಮ ಎದ್ದು ನಿಂತು ಬಾಯಿ ಮಾಡಿ ಆಗಿತ್ತು. "ಅಯ್ಯಯ್ಯೋ, ಜೋಡಿ ಚೇಳಂತೆ ಕಣ್ರಪ್ಪೋ! ಮಂಚದ ಕೆಳಗೆ ನೋಡ್ಕಳ್ರೋ!"

ಆಮೇಲೆ ಏನು ಕೇಳುತ್ತೀರಿ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡಿದ್ದ ದ್ಯಾವಯ್ಯ ತಿಂಗಳಿಂದ ಎದ್ದು ಕೂತವನಲ್ಲ, ಅವನು ಮಂಚದ ಮೇಲೆ ಒಂಟಿಕಾಲಲ್ಲಿ ನಿಂತ. ಉಳಿದವರು ಹಾಸಿಗೆಗಳನ್ನು ಎತ್ತಿ ಜಗಲಿಗೆ ಎಸೆದರು. ಗಂಗಾಂಬಿಕೆ ಹಾಸಿದ್ದ ಬಿಳಿ ದುಪ್ಪಟಿಗಳೆಲ್ಲ ಮಣ್ಣುಪಾಲಾದವು. ಪರಮಶಿವಯ್ಯ ಕೋಲು ಹಿಡಿದು ಓಡಿ ಬಂದ.

"ಚೇಳಾ? ಬಿಸಿನೀರು ಅಂದನಲ್ಲ ನನಗೆ?"

"ಬಾಗಿಲು ಅಂದರಲ್ಲ ನನಗೆ?" ಎಂದಳು ಗಂಗಾಂಬಿಕೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಬೈರಯ್ಯನ ಸುಳ್ಳಿಗೆ ಚೇಳಿಗಿರುವಷ್ಟು ಕಾಲಿದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ ಓಡಿದವು. ಇಬ್ಬರೂ ಅವನ ಕಡೆ ತಿರುಗಿ ಇನ್ನೇನು ಬಾಯಿ ತೆರೆಯಬೇಕು, ಹೊರಗೆ ಜೀಪು ಬಂದು ನಿಂತಿತು.

ದೊಡ್ಡ ಡಾಕ್ಟರು ಒಳಗೆ ಬಂದು ಸುತ್ತ ನೋಡಿದರು. "ಏನ್ರೀ ಇದು, ಆಸ್ಪತ್ರೆಯೋ ಸಂತೆಯೋ?" ಎಂದರು. ಗಂಗಾಂಬಿಕೆಯ ಮುಖ ಬಾಡಿತು. ಅದನ್ನು ನೋಡಿ ಅವರೇ ಮೆತ್ತಗಾದರು. "ಇರಲಿ ಬಿಡಮ್ಮ. ನಾಲ್ಕು ತಿಂಗಳಿಂದ ಇಲ್ಲಿ ಒಂದು ಮಗುವೂ ಹೋಗಿಲ್ಲ ಅಂತ ವರದಿ ಓದಿದೆ. ಬಾಗಿಲಲ್ಲಿ ನಿಂತು ಎಲ್ಲರ ಕೈ ತೊಳೆಸ್ತಾನಂತಲ್ಲ, ಆ ಬೈರಯ್ಯ ಎಲ್ಲಿ? ಅವನನ್ನ ನೋಡೋದಕ್ಕೇ ಬಂದೆ."

ಬೈರಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿದ. ಚೇಳಿನ ಗಲಾಟೆ ಸುಬ್ಬಮ್ಮನಿಗೆ ಮರೆತೇಹೋಯಿತು. ಇಷ್ಟು ದೊಡ್ಡವರು ಬೈರನನ್ನು ಕೇಳಿಕೊಂಡು ಬಂದಿದ್ದಾರೆ ಎಂದು ಅವಳ ಎದೆ ಉಬ್ಬಿತು. ಕೂಸನ್ನು ಎತ್ತಿ ತಂದು ಅವನ ಮುಂದೆ ಚಾಚಿದಳು.

"ತಗಳಪ್ಪಾ ಬೈರಾ, ನೀನೇ ಎತ್ತಿ ತೋರ್ಸು ಬುದ್ಯೋರ್ಗೆ. ನೀನು ಉಳಿಸ್ದ ಕೂಸು ಕಣಪ್ಪಾ ಇದು."

ಹಿಂದೆ ಸರಿಯಲು ಜಾಗ ಇರಲಿಲ್ಲ. ಕೈ ಚಾಚಿದ್ದರೆ ಆ ಹೊತ್ತಿಗೆ ಮಾನ ಉಳಿಯುತ್ತಿತ್ತು. ಕೂಸಿನ ಹೊಕ್ಕುಳ ಬಳ್ಳಿ ಇನ್ನೂ ಉದುರಿರಲಿಲ್ಲ. ಬೈರಯ್ಯ ಅದನ್ನೇ ನೋಡುತ್ತ ನಿಂತ.

"ಬ್ಯಾಡವ್ವಾ," ಎಂದ. "ನಾನು ಮುಟ್ಟಾಕಿಲ್ಲ."

"ಯಾಕ್ಲಾ?"

"ಚೇಳೂ ಇಲ್ಲ, ಬಾಗ್ಲೂ ಇಲ್ಲ, ಬಿಸ್ನೀರೂ ಇಲ್ಲ. ಕಜ್ಜಿ ಆಗದೆ ಕಣವ್ವಾ ನನ್ ಕೈಗೆ."

ಮಂಚದ ಮೇಲಿದ್ದ ದ್ಯಾವಯ್ಯ ಕಿಸಕ್ಕನೆ ನಕ್ಕ. ಅದರ ಹಿಂದೆ ವಾರ್ಡೇ ನಕ್ಕಿತು. "ಕೈ ತೊಳೆಸೋ ಬೈರಯ್ಯಂಗೇ ಕಜ್ಜಿಯಂತೆ ಕಣ್ಲಾ!" ಬೈರಯ್ಯ ತಲೆ ಎತ್ತಲಿಲ್ಲ. ಸೊಂಟದ ಪಂಚೆ ಜಾರಿ ಬಿದ್ದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ ಅವನಿಗೆ.

ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ. ಅವನ ಕೈ ಹಿಡಿದು ತಾವೇ ಬಟ್ಟೆ ಬಿಚ್ಚಿದರು. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಬೆರಳು ಬೆರಳೂ ನೋಡಿದರು, ಮೂಸಿಯೂ ನೋಡಿದರು.

"ಮನೇಲಿ ಇನ್ಯಾರಿಗಾದರೂ ಇದೆಯೇನಯ್ಯಾ?"

"ಯಾರ್ಗೂ ಇಲ್ಲ ಬುದ್ಧಿ."

"ಕೈಗೆ ಏನು ಹಾಕ್ತೀಯ?"

"ಲೈಸಾಲು ಬುದ್ಧಿ."

"ಎಷ್ಟು ನೀರಿಗೆ ಎಷ್ಟು?"

"ನೀರ್ಯಾಕೆ ಬುದ್ಧಿ? ಊರೋರ್ಗೆ ಸಿಸ್ಟ್ರು ನೀರು ಬೆರ್ಸಿ ಮಡುಗ್ತಾರೆ. ನಾನು ಕೂಸು ಮುಟ್ಟೋನಲ್ವಾ, ಬಾಟ್ಲಿಂದ ಅಂಗೇ ಸುರ್ಕತೀನಿ. ಈ ಮಗ ಉಟ್ಟಿದ ದಿನದಿಂದ ಅಂಗೇ ಮಾಡ್ತಿವ್ನಿ."

ಗಂಗಾಂಬಿಕೆ ಹಣೆ ಚಚ್ಚಿಕೊಂಡಳು. ದೊಡ್ಡ ಡಾಕ್ಟರು ಈಗ ಗಟ್ಟಿಯಾಗಿ ನಕ್ಕರು. "ಅಯ್ಯೋ ಮಂಕೇ, ಇದು ಕಜ್ಜಿ ಅಲ್ಲವೇ ಅಲ್ಲ! ತೊಳೆದು ತೊಳೆದು ಕೈ ಸುಟ್ಟುಕೊಂಡಿದ್ದೀಯ. ಇಷ್ಟು ಶುಚಿಯಾದ ಕೈ ಜಿಲ್ಲೆಯಲ್ಲೇ ಇನ್ನೊಂದಿಲ್ಲ ಕಣಯ್ಯಾ!"

ಬೈರಯ್ಯನಿಗೆ ಹೋದ ಜೀವ ಬಂತು. ಕಣ್ಣಲ್ಲಿ ತುಂಬಿದ ನೀರನ್ನು ಸುಟ್ಟ ಕೈಯಿಂದಲೇ ಒರೆಸಿಕೊಂಡ. ಉರಿಯಿತು, ಆದರೂ ಹಿತವಾಗಿತ್ತು. ದೊಡ್ಡ ಡಾಕ್ಟರ ಮಾತು ಅವನೊಬ್ಬನಿಗೇ ಕೇಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ಇಡೀ ವಾರ್ಡಿಗೆ ಕೇಳಿಸಿತ್ತು.

"ಏನಂದ್ರು?" ಎಂದಳು ಸುಬ್ಬಮ್ಮ.

"ಕೈ ತೊಳ್ದು ತೊಳ್ದೇ ಇಂಗಾಯ್ತಂತೆ ಕಣಮ್ಮೋ," ಎಂದ ದ್ಯಾವಯ್ಯ ಮಂಚದ ಮೇಲಿಂದ. "ದೊಡ್ಡ ಡಾಕ್ಟ್ರೇ ಅಂದ್ರು."

"ನಾನು ಅವತ್ತೇ ಯೋಳ್ನಿಲ್ವಾ? ನಮ್ ತಾತ ಮುತ್ತಾತ ಏನ್ ಕೈ ತೊಳ್ಕಂಡೇ ಬದುಕಿದ್ರಾ?" ಎಂದು ಇನ್ನೊಬ್ಬರು ದನಿಗೂಡಿಸಿದರು. ರೋಗಿಗಳಿಗೆ ಊಟ ತಂದ ಹೆಂಗಸರು ಬೇಸಿನ್ನಿನ ಮುಂದೆ ಸಾಲಾಗಿ ನಿಂತಿದ್ದರು. ಮುಂದಿದ್ದವಳು ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದಳು. ಹಿಂದಿನವಳು ತನ್ನ ಬೆರಳು ಬಿಡಿಸಿ ನೋಡಿಕೊಂಡು, "ನಂಗೂ ಒಂದೀಟು ನವೆ ಅದೆ ಕಣಕ್ಕಾ," ಎಂದು ಸೋಪನ್ನು ಹಿತ್ತಲಿಗೆ ಎಸೆದಳು.

"ನೀರು ಬೆರೆಸಿದರೆ ಏನೂ ಆಗಲ್ಲಮ್ಮ, ಕೇಳಿ ಇಲ್ಲಿ," ಎಂದು ದೊಡ್ಡ ಡಾಕ್ಟರು ಗಂಟಲು ಹರಿಯುವಂತೆ ಕೂಗಿದರು. ಮೊದಲು ಆಡಿದ ಮಾತನ್ನು ಕೇಳಿಸಿಕೊಂಡಷ್ಟು ಚೆನ್ನಾಗಿ ಎರಡನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಸುಬ್ಬಮ್ಮನ ಓರಗಿತ್ತಿ ಬಂದಳು. ಕೊಟ್ಟಿಗೆ ಬಾಚಿ ನೆಟ್ಟಗೆ ಬಂದವಳು, ಬೆರಳಿಗೆ ಮೆತ್ತಿದ ಸಗಣಿ ಇನ್ನೂ ಒಣಗಿರಲಿಲ್ಲ. ಅಭ್ಯಾಸಬಲದಿಂದ ಬೇಸಿನ್ನಿನ ಕಡೆ ತಿರುಗಿದಳು.

"ಅದ ಮುಟ್ಬ್ಯಾಡ ಕಣೇ, ಕೈ ಸುಟ್ಟೋಯ್ತದೆ!" ಎಂದಳು ಸುಬ್ಬಮ್ಮ. "ಅಂಗೇ ಬಾ, ಕೂಸು ಎತ್ಕೊ."

ಓರಗಿತ್ತಿ ಕೈ ಚಾಚಿದಳು. ಬೈರಯ್ಯ ಆ ಬೆರಳುಗಳನ್ನು ನೋಡಿದ. ಬಟ್ಟೆಯಲ್ಲಿ ಸುತ್ತಿದ ಕೂಸು ಎಷ್ಟು ಹಗುರವಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಹಗುರ ಈಗಲೂ ಕೈಯಲ್ಲಿದೆ ಅನ್ನಿಸಿತು.

"ತಡೀರೀ!" ಎಂದು ಅರಚಿದ. "ಡಾಕ್ಟ್ರು ಸುಳ್ಳು ಯೋಳ್ತಾವ್ರೆ!"

ಎಲ್ಲರೂ ತಿರುಗಿದರು. ದೊಡ್ಡ ಡಾಕ್ಟರೂ ತಿರುಗಿದರು.

"ನನ್ ಮಾನ ಉಳಿಸಾಕೆ ಅಂಗಂದ್ರು ಅವ್ರು. ಇದು ಕಜ್ಜೀನೇಯ! ಅಪ್ಪಟ ಕಜ್ಜಿ! ನಿಮ್ಗೆಲ್ಲ ತೊಳೀರಿ ಅಂದ್ಬುಟ್ಟು, ನಾನೇ ಒಂದು ವಾರದಿಂದ ಕೈ ತೊಳ್ದಿಲ್ಲ. ಸೋಂಬೇರಿ ಬಿದ್ದೆ. ಲೈಸಾಲು ಸುರ್ಕಂಡೆ ಅಂದದ್ದೂ ಸುಳ್ಳು. ತೊಳೀದೆ ಓದ್ರೆ ಇಂಗೇ ಆಯ್ತದೆ, ನೋಡ್ರಿ, ನೋಡ್ರಿ!"

ಪ್ರತಿಯೊಬ್ಬರ ಮೂಗಿನ ಹತ್ತಿರ ಕೈ ಹಿಡಿದು, ಬೆರಳ ಸಂದಿ ಬಿಡಿಸಿ, ಪರಪರ ಕೆರೆದು ತೋರಿಸುತ್ತ ವಾರ್ಡು ಸುತ್ತಿದ. ಬೆಳಗ್ಗಿನಿಂದ ಚೇಳಿನ ಹೆಸರು ಹೇಳಿ ಮುಚ್ಚಿಟ್ಟ ಕೈ ಅದು. ಹೆಂಗಸರು ಚೀರಿದರು. ಓರಗಿತ್ತಿ ಚಾಚಿದ ಕೈಯನ್ನು ಹಿಂತೆಗೆದು ಬೇಸಿನ್ನಿಗೆ ಓಡಿದಳು. ಅವಳ ಹಿಂದೆ ವಾರ್ಡಿಗೆ ವಾರ್ಡೇ ಓಡಿತು. ಹಿತ್ತಲಿಗೆ ಬಿದ್ದ ಸೋಪನ್ನು ಹುಡುಕಿ ತಂದರು. ದ್ಯಾವಯ್ಯ ಮಂಚದ ಮೇಲಿಂದಲೇ, "ನಂಗೂ ಒಂದ್ ಚೆಂಬು ನೀರ್ ತತ್ತಿರಪ್ಪೋ," ಎಂದು ಕೂಗಿಕೊಂಡ.

ಗಂಗಾಂಬಿಕೆ ಏನೋ ಹೇಳಹೋದಳು. ಬೈರಯ್ಯ ಅವಳ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೊಡ್ಡ ಡಾಕ್ಟರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಏನಯ್ಯಾ ಹೀಗೆ ಮಾಡಿಕೊಂಡೆ? ಕಜ್ಜಿ, ಕೈ ತೊಳೆಯಲ್ಲ ಅಂತ ಇಷ್ಟು ಜನರ ಮುಂದೆ ನೀನೇ ಕೂಗಿದ ಮೇಲೆ, ನಿನ್ನನ್ನ ವಾರ್ಡಿನಲ್ಲಿ ಇಟ್ಟುಕೊಂಡರೆ ಈ ಜನ ಒಪ್ತಾರಾ?"

"ಒಪ್ಪಾಕಿಲ್ಲ ಬುದ್ಧಿ. ಬರ್ದ್ಬುಡಿ."

ಅವರು ತಪಾಸಣೆ ಪುಸ್ತಕ ತೆಗೆದು, ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ಬರೆದರು. ಬೈರಯ್ಯನ ಕೈ ಶುಚಿಯಿಲ್ಲ. ಅವನನ್ನು ವಾರ್ಡಿನೊಳಗೆ ಬಿಡಕೂಡದು. ಹೊರಗೆ ನೀರು ಸೇದುವ ಕೆಲಸಕ್ಕೆ ಹಾಕತಕ್ಕದ್ದು.

ಸುಬ್ಬಮ್ಮ ಮೊಳಕೈವರೆಗೆ ಎರಡೆರಡು ಸಲ ತೊಳೆದುಕೊಂಡು, ಕೂಸನ್ನು ಎದೆಗವಚಿಕೊಂಡು ಬಂದಳು. ಬೈರಯ್ಯನನ್ನು ದಾಟುವಾಗ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು.

"ಅತ್ಲಾಗೆ ನಿಂತ್ಕೊ. ಇಂಥೋನ್ ಕೈಗಾ ನಾನು ಕೂಸು ಕೊಡಾಕೋಗಿದ್ದು? ನಾಚ್ಕೆ ಆಗಾಕಿಲ್ವೇನ್ಲಾ ನಿಂಗೆ?"

"ಆಯ್ತದೆ ಕಣವ್ವಾ," ಎಂದು ಬೈರಯ್ಯ ಅತ್ತ ಸರಿದು ನಿಂತ.