ಮಾವನವರು ಮತ್ತು ಅರಳೆಯ ಹೊಟ್ಟೆ

ನಮ್ಮ ಮಾವನವರ ಕಣ್ಣಿಗೆ ಈ ಪ್ರಪಂಚದಲ್ಲೇ ಅತಿ ಸುಂದರವಾಗಿ ಕಾಣುತ್ತಿದ್ದ ವಸ್ತು ಯಾವುದೆಂದು ಹೇಳಿದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ, ಪರವಾಗಿಲ್ಲ. ಅದು ಮೊಲದ ಹಿಕ್ಕೆ!

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಕ್ಯಾಲನೂರಿನಿಂದ ಶ್ರೀನಿವಾಸಪುರಕ್ಕೆ ಬಂದ ಮೊದಲ ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋದರೆ, ಮಾವನವರು ಕುಕ್ಕರಗಾಲಲ್ಲಿ ಕುಳಿತು ಅಂಗೈಯಲ್ಲಿ ಏನನ್ನೋ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಮೆಣಸಿನಕಾಳು ಹಸನು ಮಾಡುತ್ತಿದ್ದಾರೆ ಅಂದುಕೊಂಡೆ. ಹೊಸ ಸೊಸೆಯಲ್ಲವೇ? "ಕೊಡಿ ಮಾವ, ನಾನು ಮಾಡ್ತೀನಿ" ಎಂದು ಕೈ ಚಾಚಿದೆ. ಅವರು ಬಹಳ ಸಂತೋಷದಿಂದ ಎಲ್ಲವನ್ನೂ ನನ್ನ ಕೈಗೆ ಸುರಿದೇಬಿಟ್ಟರು!

"ನೋಡಮ್ಮ, ಹೆಂಗಿದೆ! ಗುಂಡಗೆ, ಒಣಗಿ, ಹಿಸುಕಿದ್ರೆ ಒಳಗೆಲ್ಲಾ ಹುಲ್ಲಿನ ಪುಡಿ. ಇಂಥ ಹೊಟ್ಟೆ ಈ ಮನೇಲಿ ಇನ್ಯಾರಿಗಿದೆ ಹೇಳು?"

ಏನು ಹೇಳುವುದು? ಮದರಂಗಿ ಹಚ್ಚಿದ ಕೈಯಲ್ಲಿ ಹಿಕ್ಕೆ ಹಿಡಿದುಕೊಂಡು, "ಚೆನ್ನಾಗಿದೆ ಮಾವ" ಎಂದೆ. ಅಂದಿನಿಂದ ಅವರ ದೃಷ್ಟಿಯಲ್ಲಿ ನಾನು ಬುದ್ಧಿವಂತೆ.

ಮಾವನವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಮಕ್ಕಳನ್ನು ಓಡಿಸಿ ಓಡಿಸಿ ಬೆಳೆದ ಗಂಟಲು. ಅವರು ಹಿತ್ತಲಲ್ಲಿ ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತಿತ್ತು. ಊರಿನವರೆಲ್ಲ "ಊಟ ಆಯ್ತಾ?" ಎಂದು ಮಾತು ಶುರು ಮಾಡಿದರೆ ಇವರು, "ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಯ್ತಾ?" ಎಂದು ಶುರು ಮಾಡುತ್ತಿದ್ದರು. ಬಸ್ ಕಂಡಕ್ಟರನನ್ನೂ ಕೇಳಿದ್ದಾರೆ, ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರರನ್ನೂ ಕೇಳಿದ್ದಾರೆ!

ಇದಕ್ಕೆಲ್ಲ ಒಂದು ಕಾರಣವಿತ್ತು. ಮುಳಬಾಗಿಲಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಸಾಬರೊಬ್ಬರು ಇವರ ಸ್ನೇಹಿತರು. ಅವರ ಮನೆ ತುಂಬ ಮೊಲಗಳು. ಒಂದನ್ನು ಮಾವನವರಿಗೆ ಕೊಡುವಾಗ, "ದೇಖೋ ಮೇಷ್ಟ್ರೇ, ಒಣಹುಲ್ಲು ಹಾಕಿ, ನೀರು ಇಡಿ, ಬಸ್. ಪ್ರೀತಿ ಗೀತಿ ಜಾಸ್ತಿ ಮಾಡಬೇಡಿ" ಎಂದಿದ್ದರಂತೆ. ಮಾವನವರು ಮಾಡಿದ್ದು ಪ್ರೀತಿಯನ್ನೇ. ಯುಗಾದಿಯ ದಿನ ತಮ್ಮ ಎಲೆಯಿಂದ ಒಬ್ಬಟ್ಟು ಮುರಿದು ಮುರಿದು ಕೈಯಾರೆ ತಿನ್ನಿಸಿದರು. ಅದು ಕಣ್ಣರಳಿಸಿಕೊಂಡು ತಿಂದಿತು. ಮಾರನೆಯ ದಿನ ಹೊಟ್ಟೆ ತಮಟೆಯ ಹಾಗೆ ಉಬ್ಬಿ, ಸಂಜೆಗೆ ಅವರ ತೊಡೆಯ ಮೇಲೇ ಪ್ರಾಣ ಬಿಟ್ಟಿತು. ಆಮೇಲೆ ಎಷ್ಟೋ ಕಾಲ ಅವರು ಒಬ್ಬಟ್ಟು ಮುಟ್ಟಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಸಾಬರು ಬೈಯದೆ ಇನ್ನೊಂದು ಮರಿ ಕೊಟ್ಟರು. ಹಿಂಜಿದ ಹತ್ತಿಯಂತೆ ಬೆಳ್ಳಗಿದ್ದ ಅದಕ್ಕೆ ನಮ್ಮ ನಾದಿನಿ 'ಅರಳೆ' ಎಂದು ಹೆಸರಿಟ್ಟಳು. ಈಗ ಮಾವನವರು ಬೇರೆಯೇ ಮನುಷ್ಯ! ಹಗಲೆಲ್ಲ ಒಣಹುಲ್ಲು, ಒಂದು ಹಿಡಿ ಹಸಿ ಗರಿಕೆ, ಎರಡು ಎಲೆ ಕೊತ್ತಂಬರಿ ಸೊಪ್ಪು, ಅಷ್ಟೇ. ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಕಲ್ಲಿಗೂ ಹಣ್ಣಿನ ವಾಸನೆ ಬರುತ್ತದೆ. ಅರಳೆಗೆ ಮಾತ್ರ ಚೂರೇ ಚೂರು, ಅದೂ ಮಾವನವರಿಗೆ ಮನಸ್ಸು ಬಂದ ದಿನ.

"ಮೊಲಕ್ಕೆ ಪಥ್ಯ ಮಾಡಿಸೋರನ್ನ ಎಲ್ಲಾದ್ರೂ ಕಂಡಿದ್ದೀಯೇನಮ್ಮ? ಬಾಣಂತಿಗೂ ಇಷ್ಟು ಕಟ್ಟುನಿಟ್ಟಿಲ್ಲ!" ಎಂದು ಅತ್ತೆ ನನ್ನ ಹತ್ತಿರ ಗೊಣಗುವರು.

"ಅದು ಹುಲ್ಲು ಅಗೀತಾ ಇದ್ರೆ ಹಲ್ಲು ಸವೀತದೆ, ಹೊಟ್ಟೆ ಓಡ್ತಾ ಇರ್ತದೆ. ಓಡೋದು ನಿಂತ್ರೆ ಮುಗೀತು ಕಣೇ!" ಎಂದು ಹಿತ್ತಲಿನಿಂದ ಉತ್ತರ ಬರುವುದು.

ಒಂದು ಬೆಳಿಗ್ಗೆ ಅತ್ತೆ ಕಿರುಚಿಕೊಂಡು ಒಳಗೆ ಓಡಿಬಂದರು. ಅರಳೆ ತನ್ನ ಹಿಕ್ಕೆಯನ್ನೇ ಬಾಯಿ ಹಾಕಿ ತಿನ್ನುತ್ತಿತ್ತಂತೆ! "ಛೀ ಛೀ! ನೀವು ಹೊಟ್ಟೆಗೆ ಹಾಕದೆ ಅದಕ್ಕೆ ಈ ಗತಿ ಬಂತು!" ಮಾವನವರು ಸ್ವಲ್ಪವೂ ಅಲುಗಾಡಲಿಲ್ಲ. "ಅದು ಮೆತ್ತನೇದು, ಬೇರೆ ಥರದ್ದು. ಹುಲ್ಲಿನ ಸತ್ವ ಒಂದೇ ಸಲಕ್ಕೆ ಹೀರೋಕಾಗಲ್ಲ, ಅದಕ್ಕೆ ಇನ್ನೊಂದು ಸಲ ತಿನ್ನುತ್ತೆ. ಎರಡನೇ ಪಂಕ್ತಿ ಕಣೇ, ಎರಡನೇ ಪಂಕ್ತಿ!" ಅವತ್ತು ಮನೆಯಲ್ಲಿ ಮೊದಲನೇ ಪಂಕ್ತಿಗೂ ಯಾರೂ ಸರಿಯಾಗಿ ಕೂರಲಿಲ್ಲ.

ಹೀಗಿರುವಾಗ ನಾದಿನಿಯನ್ನು ನೋಡಲು ಮಾಲೂರಿನಿಂದ ಗಂಡಿನವರು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಅತ್ತೆ ಕಜ್ಜಾಯಕ್ಕೆಂದು ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವಿ, ಪಕ್ಕದಲ್ಲಿ ಕುಟ್ಟಿದ ಬೆಲ್ಲ ಇಟ್ಟು ಒಳಗೆ ಹೋಗಿದ್ದರು. ಗೂಡಿನ ಬಾಗಿಲು ಹೇಗೆ ತೆರೆಯಿತೋ ದೇವರಿಗೇ ಗೊತ್ತು. ತಿರುಗಿ ಬಂದು ನೋಡಿದರೆ ಅಕ್ಕಿಯ ನಟ್ಟನಡುವೆ ಅರಳೆ, ಮೀಸೆಗೆಲ್ಲ ಬೆಲ್ಲ!

ಬೆಳಿಗ್ಗೆ ಗೂಡಿನಲ್ಲಿ ಒಂದೇ ಒಂದು ಹಿಕ್ಕೆ ಇಲ್ಲ. ಅರಳೆ ಮೂಲೆಯಲ್ಲಿ ಮುದುರಿ ಕುಳಿತು ಹಲ್ಲು ಕಡಿಯುತ್ತಿತ್ತು. ಹುಲ್ಲು ಹಿಡಿದರೆ ಮುಖ ತಿರುಗಿಸಿತು. ಮಾವನವರು ನೆಲದ ಮೇಲೆ ಉದ್ದಕ್ಕೆ ಮಲಗಿ ಅದರ ಹೊಟ್ಟೆಗೆ ಕಿವಿ ಇಟ್ಟರು.

"ಸದ್ದೇ ಇಲ್ಲ ಕಣಮ್ಮ" ಎಂದರು ನನಗೆ. ಆ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲೇ ಇಲ್ಲ. "ಗುಡುಗುಡು ಅನ್ನಬೇಕಾಗಿತ್ತು. ವಾಂತಿ ಮಾಡೋಕೂ ಬರಲ್ಲ ಇದಕ್ಕೆ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು."

ಅಂದು ಭಾನುವಾರ. ದನದ ಆಸ್ಪತ್ರೆಗೆ ಬೀಗ. ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು!

"ಏಳೀಂದ್ರೆ! ಬೀಗರಾಗೋರು ಪಡಸಾಲೇಲಿ ಕೂತವ್ರೆ!" ಎಂದು ಅತ್ತೆ ಪಿಸುಗುಟ್ಟಿದರು.

"ಇದರ ಹೊಟ್ಟೆ ಆಡೋವರೆಗೂ ನಾನು ಏಳಲ್ಲ."

"ಅಯ್ಯೋ ನಾ ಖರ್ಮಾ!" ಎಂದು ಅತ್ತೆ ತೆಲುಗಿನಲ್ಲಿ ಹಣೆ ಚಚ್ಚಿಕೊಂಡರು. ಅವರಿಗೆ ದುಃಖ ಹೆಚ್ಚಾದರೆ ಭಾಷೆ ಬದಲಾಗುತ್ತಿತ್ತು.

ಪಡಸಾಲೆಯಲ್ಲಿ ಹುಡುಗನ ತಂದೆ, "ಯಜಮಾನರು ಕಾಣಲಿಲ್ಲ?" ಎಂದು ಕೇಳಿದರು. ನನ್ನ ಗಂಡ ಮೆಲ್ಲಗೆ, "ಸ್ವಲ್ಪ ಹೊಟ್ಟೆ ಸರಿಯಿಲ್ಲ" ಎಂದರು. ಯಾರ ಹೊಟ್ಟೆ ಎಂದು ಹೇಳಲಿಲ್ಲ! "ಅಯ್ಯೋ ಪಾಪ" ಎಂದು ಗಂಡಿನವರು ಲೊಚಗುಟ್ಟಿದರು. ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ ನಾದಿನಿಗೆ ತಡೆಯಲಾಗಲಿಲ್ಲ. "ಅಪ್ಪಂಗಲ್ಲ, ನಮ್ಮ ಅರಳೆಗೆ!" ಎಂದು ಎಲ್ಲರ ಮುಂದೆ ಅತ್ತೇಬಿಟ್ಟಳು. ಅರಳೆ ಯಾರೆಂದು ವಿವರಿಸಿದ ಮೇಲೆ ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಹುಡುಗ ಮಾತ್ರ ಕಾಫಿಲೋಟ ಕೆಳಗಿಟ್ಟು ಎದ್ದು ಹಿತ್ತಲಿಗೆ ನಡೆದ.

ಮಾಲೂರಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು ಅವನು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಷರಟು. ಮಾವನವರ ಪಕ್ಕದಲ್ಲಿ ಕುಕ್ಕರಿಸಿ, "ನಾನೇನು ಮಾಡಲಿ ಸಾರ್?" ಎಂದು ಕೇಳಿದ.

ಮಾವನವರು ಅವನ ಮುಖ ನೋಡಲಿಲ್ಲ. "ಕೈ ಬೆಚ್ಚಗಿದೆಯಾ?"

"ಇದೆ ಸಾರ್."

"ಹಂಗಾದ್ರೆ ಕೂತ್ಕೊ."

ಅವನ ಮಡಿಲಿಗೆ ಅರಳೆ ಬಂತು. "ಮುಂದಿಂದ ಹಿಂದಕ್ಕೆ ಉಜ್ಜು. ಒತ್ತಬೇಡ, ಬೆಣ್ಣೆ ಸವರೋ ಹಂಗೆ." ಇವನು ಉಜ್ಜಿದ. ಅವರು ಚಮಚದಲ್ಲಿ ಉಗುರುಬೆಚ್ಚಗಿನ ನೀರನ್ನು ಹನಿ ಹನಿಯಾಗಿ ಬಾಯಂಚಿಗೆ ಬಿಟ್ಟರು. ನಾನು ನೀರು ಕಾಯಿಸಿ ಕೊಡುತ್ತಿದ್ದೆ. ಆಗಾಗ ಕೆಳಗಿಳಿಸಿ ನಾಲ್ಕು ಹೆಜ್ಜೆ ನಡೆಸುವುದು, ಮತ್ತೆ ಉಜ್ಜುವುದು. ಬಿಸಿಲು ನೆತ್ತಿಗೆ ಬಂತು. ಹುಡುಗನ ತಾಯಿ ಎರಡು ಸಲ ಇಣುಕಿ, ಎರಡು ಸಲವೂ ಮುಖ ಗಂಟಿಕ್ಕಿಕೊಂಡು ಹೋದರು. ಈ ಸಂಬಂಧ ಕೈತಪ್ಪಿದ ಹಾಗೆಯೇ ಎಂದು ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

ಆಗ ಆ ಬಿಳಿ ಪಂಚೆಯ ಮೇಲೆ ಬಿತ್ತು ಒಂದು ಹಿಕ್ಕೆ. ಇನ್ನೊಂದು. ಆಮೇಲೆ ಪುಟ್ಟದೊಂದು ರಾಶಿ!

ಮಾವನವರು ಛಂಗನೆ ಎದ್ದು ಡ್ರಿಲ್ ಮೇಷ್ಟ್ರ ಗಂಟಲಿನಲ್ಲಿ ಕೂಗಿದರು: "ಆಯ್ತು! ಆಯ್ತು! ಆಯ್ತು!"

ಪಡಸಾಲೆಯಲ್ಲಿ ತೂಕಡಿಸುತ್ತಿದ್ದ ಹುಡುಗನ ತಂದೆ ಬೆಚ್ಚಿ ಎದ್ದು, "ಆಯ್ತಂತೆ! ಮಾತುಕತೆ ಆಯ್ತಂತೆ! ಸಿಹಿ ತನ್ನಿ!" ಎಂದರು. ಅತ್ತೆ ಒಂದು ಕ್ಷಣವೂ ತಡಮಾಡದೆ ಕೇಸರಿಬಾತು ತಂದಿಟ್ಟರು. ತಪ್ಪು ತಿದ್ದಲು ಅವರಿಗೇನು ಹುಚ್ಚೇ?

ಹುಡುಗಿಯನ್ನು ಯಾರೂ ಕೇಳಲಿಲ್ಲವಲ್ಲ ಎಂದು ನಾನು ಅಡುಗೆಮನೆಯಲ್ಲಿ ನಾದಿನಿಯನ್ನು ಕೇಳಿದೆ. "ನಿನಗೆ ಒಪ್ಪಿಗೆನೇನೇ?"

ಅವಳು ಕಣ್ಣೊರೆಸಿಕೊಂಡು ಹೇಳಿದಳು. "ಅವರು ನಗಲಿಲ್ಲ ಅತ್ತಿಗೆ."

ಮದುವೆಯಾಯಿತು. ಕಳಿಸಿಕೊಡುವಾಗ ಎಲ್ಲರೂ ಅತ್ತರು, ಮಾವನವರು ಅಳಲಿಲ್ಲ. ಅರಳೆಯನ್ನೂ ಒಂದು ಕಟ್ಟು ಒಣಹುಲ್ಲನ್ನೂ ಮಗಳ ಜೊತೆ ಕಾರಿನಲ್ಲಿಟ್ಟು, ಅಳಿಯನಿಗೆ, "ಇವಳಿಗೆ ಹುರಳಿಕಾಳು ಸೇರಲ್ಲಪ್ಪ. ಅದಕ್ಕೆ ಬೆಲ್ಲ ಸೇರಲ್ಲ. ಅದಲು ಬದಲು ಮಾಡಬೇಡ" ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಮಾವನವರು ತಟ್ಟೆಯ ಮುಂದೆ ಕೂರುವರು, ಅನ್ನ ಕಲಸುವರು, "ಹಸಿವಿಲ್ಲ" ಎಂದು ಏಳುವರು. ಅತ್ತೆ ಗದರಿದರು, ಬೇಡಿಕೊಂಡರು. ಹೀಗೇ ದಿನಗಳು ಹೋದವು. ಒಂದು ಬೆಳಿಗ್ಗೆ ನಾನೇ ಧೈರ್ಯ ಮಾಡಿ ಎದುರಿಗೆ ಕುಳಿತೆ.

"ಒಂದು ತುತ್ತು ತಿನ್ನಿ ಮಾವ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಅಲ್ಲಮ್ಮ, ನೀನು ಇಲ್ಲಿಗೆ ಬಂದೆಯಲ್ಲ, ಆಗ ನಿಮ್ಮಪ್ಪ ಊಟ ಮಾಡಿದ್ರಾ?"

ಇಲ್ಲಿಗೆ ಬಂದ ಹೊಸತರಲ್ಲಿ ನಾನು ಅತ್ತಿದ್ದೆ, ನನ್ನದೇ ಸಂಕಟದಲ್ಲಿ ಮುಳುಗಿದ್ದೆ. ಅಪ್ಪ ಉಂಡರೋ ಇಲ್ಲವೋ ಎಂದು ಒಮ್ಮೆಯಾದರೂ ಯೋಚಿಸಿರಲಿಲ್ಲ. "ಗೊತ್ತಿಲ್ಲ ಮಾವ" ಎಂದೆ.

"ನಾನೂ ಕೇಳಲಿಲ್ಲ ನೋಡು" ಎಂದು ಅವರು ಎದ್ದು ಷರಟು ಹಾಕಿಕೊಂಡರು. "ನಡಿ, ಕೇಳ್ಕೊಂಡು ಬರೋಣ."

ಕೋಲಾರದಲ್ಲಿ ಬಸ್ ಬದಲಾಯಿಸಿ ಕ್ಯಾಲನೂರು ಸೇರಿದಾಗ ಅಪ್ಪ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಹೇಳದೆ ಕೇಳದೆ ಬಂದ ಬೀಗರನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. "ಏನಾಯ್ತು ಮೇಷ್ಟ್ರೇ? ಹುಡುಗಿಯಿಂದ ಏನಾದ್ರೂ ತಪ್ಪಾಯ್ತಾ?"

"ಏನೂ ಇಲ್ಲ. ಒಂದು ಮಾತು ಕೇಳೋಣ ಅಂತ ಬಂದ್ವಿ. ಮಗಳನ್ನ ಕಳಿಸಿಕೊಟ್ಟ ಮೇಲೆ ನೀವು ಊಟ ಮಾಡಿದ್ರಾ?"

ಅಪ್ಪ ಹೆಗಲ ಟವೆಲು ತೆಗೆದು ಕೈ ಒರೆಸಿದರು. ಒರೆಸುತ್ತಲೇ ಇದ್ದರು. ಉತ್ತರ ಬಾಗಿಲ ಬಳಿ ನಿಂತಿದ್ದ ಅಮ್ಮನಿಂದ ಬಂತು. "ಎಲ್ಲಿ ಮಾಡಿದ್ರು? ಕಲಸಿಟ್ಟು ಎದ್ದು ಹೋಗೋರು, ನಾನು ಹಸುಗೆ ಹಾಕ್ತಿದ್ದೆ. ಮಗಳಿಗೆ ಹೇಳಿದ್ರೆ ನನ್ನಾಣೆ ಅಂದ್ರು."

ಮಾವನವರು ಒಳಗೆ ಹೋಗಿ ಗೋಡೆಗೆ ಒರಗಿಸಿದ್ದ ಎರಡು ಮಣೆ ತೆಗೆದು ಒತ್ತಾಗಿ ಹಾಕಿದರು. "ಬನ್ನಿ ಬೀಗರೇ. ನಾನೂ ಉಂಡಿಲ್ಲ." ಬಡಿಸಲು ಹೊರಟ ಅಮ್ಮನನ್ನು ತಡೆದು, "ನೀವು ಕೂತ್ಕೊಳ್ಳಿಮ್ಮ. ಇವತ್ತು ಮಗಳು ಬಡಿಸಲಿ" ಎಂದರು.

ಬಿಸಿ ಮುದ್ದೆ, ಸೊಪ್ಪಿನ ಸಾರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಅಪ್ಪ ತಟ್ಟೆ ಮುಂದೆ ಮಾಡಿ ಇನ್ನೊಂದು ಮುದ್ದೆ ಕೇಳಿದರು. ಮಾವನವರೂ ಕೇಳಿದರು. ಕಣ್ಣು ಮಂಜಾಗಿ ನನಗೆ ಯಾರ ತಟ್ಟೆ ಯಾವುದೆಂದು ಕಾಣುತ್ತಿರಲಿಲ್ಲ. ಆದರೂ ಬಡಿಸುತ್ತಲೇ ಇದ್ದೆ.